ಫ್ರೆಂಚರ ಊರಿನ ಜಗಲಿಯಲ್ಲಿ

ನಾನೂ ವಿದೇಶಕ್ಕೆ ಹೋಗಿ ಬಂದವಳು ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆಗ ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯ, ಮಡಿಕೇರಿ ಅದರ ರಾಜಧಾನಿ. ಘಟ್ಟದ ಕೆಳಗೆ, ಮಲಬಾರಿನ ಕಡಲಂಚಿನಲ್ಲಿ ಮಾಹೆ ಎಂಬ ಸಣ್ಣ ಊರು ಇನ್ನೂ ಫ್ರೆಂಚರ ಕೈಯಲ್ಲಿತ್ತು. ಮಡಿಕೇರಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಫ್ರೆಂಚ್ ಸರ್ಕಾರದ ನೆಲದಲ್ಲಿ ಇಳಿಯಬಹುದಿತ್ತು. ಹಾಗೆ ಒಂದು ಡಿಸೆಂಬರಿನಲ್ಲಿ, ಶಾಲೆಗಳಿಗೆ ಕ್ರಿಸ್‌ಮಸ್ ರಜೆ ಬಿಟ್ಟಾಗ, ಒಂದು ವಾರದ ಮಟ್ಟಿಗೆ ನಾವು ಆರು ಜನ ವಿದೇಶಕ್ಕೆ ಹೊರಟೆವು. ಮಾವ, ಅತ್ತೆ, ನನ್ನ ಗಂಡ, ನಾನು, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು.

ಹೊರಡಿಸಿದವರು ಮಾವ. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಬೆತ್ತದ ತುದಿಯಲ್ಲಿ ಗೋಡೆಯ ನಕ್ಷೆಯ ಮೇಲೆ ಜಗತ್ತೆಲ್ಲ ತಿರುಗಿದ್ದರು, ಕಾಲಲ್ಲಿ ತಿರುಗಿದ್ದು ಮೈಸೂರಿನವರೆಗೆ ಮಾತ್ರ. ಕಣ್ಣಿಗೆ ಪೊರೆ ಬರುತ್ತಿದೆ, ಪೂರ್ತಿ ಮುಚ್ಚುವ ಮೊದಲು ಒಂದಾದರೂ ಪರದೇಶ ನೋಡಬೇಕು ಎಂದು ಹಟ ಹಿಡಿದರು. ಪರದೇಶಕ್ಕೆ ಹೋದರೆ ಆಮೇಲೆ ಪ್ರಾಯಶ್ಚಿತ್ತ ಮಾಡಿಸಬೇಕಲ್ಲ ಎಂದು ಅತ್ತೆ ಗೊಣಗಿದರು. ಪ್ರಾಯಶ್ಚಿತ್ತ ಇರುವುದು ಸಮುದ್ರ ದಾಟಿದವರಿಗೆ, ಇಲ್ಲಿ ದಾಟುವುದು ಒಂದು ಹೊಳೆ, ಅದಕ್ಕೂ ಸೇತುವೆ ಇದೆ ಎಂದು ಮಾವ ಬಾಯಿ ಮುಚ್ಚಿಸಿದರು. ವಿರಾಜಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಅವರ ಹಳೆಯ ಶಿಷ್ಯ, ಮಲಯಾಳಿ, ಮಾಹೆಯಲ್ಲಿ ಖಾಲಿ ಬಿದ್ದಿದ್ದ ತನ್ನ ಅಜ್ಜಿಯ ಮನೆಯ ಬೀಗದ ಕೈ ಕೊಟ್ಟ.

ನನಗೆ ಫ್ರಾನ್ಸೂ ಬೇಕಿರಲಿಲ್ಲ, ಸಮುದ್ರವೂ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಮಲಗುವುದು. ಆಗ ನನಗೆ ಇಪ್ಪತ್ತಾರು, ಮದುವೆಯಾಗಿ ಒಂಬತ್ತು ವರ್ಷ. ನಮ್ಮ ಮನೆ ಮಡಿಕೇರಿಯ ಕೋರ್ಟಿಗೆ ಹತ್ತಿರ. ಕೇಸು, ಕಂದಾಯ, ಆಸ್ಪತ್ರೆ ಎಂದು ಹಳ್ಳಿಗಳಿಂದ ಬಂದ ನೆಂಟರೆಲ್ಲ ನಮ್ಮಲ್ಲೇ ತಂಗುವವರು. ಬೆಳಗಿನ ಜಾವದ ಆ ಚಳಿಯಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆ ಉಟ್ಟು, ಹಸಿ ಸೌದೆಗೆ ಊದಿ ಊದಿ ಮಡಿಯಲ್ಲಿ ಅಡುಗೆ ಮಾಡಬೇಕು. ಮನೆಯಲ್ಲಿ ಮಡಿಯಲ್ಲಿ ಮಾಡಿದ್ದಲ್ಲದೆ ಅತ್ತೆ ಬೇರೆ ಏನನ್ನೂ ಬಾಯಿಗೆ ಹಾಕುವವರಲ್ಲ. ಇಡೀ ತಿಂಗಳಲ್ಲಿ ನನಗೆ ಬಿಡುವು ಎಂದರೆ ಹೊರಗೆ ಕೂರುವ ಮೂರು ದಿನ. ಮುಟ್ಟಾದಾಗ ಹಿತ್ತಲ ಜಗಲಿಯಲ್ಲಿ ಒಂದು ಚಾಪೆ, ಒಂದು ಚೊಂಬು ಕೊಟ್ಟು ಕೂರಿಸುತ್ತಿದ್ದರು. ಅಡುಗೆಮನೆಯ ಕಡೆ ಸುಳಿಯುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಈಗಿನ ಹುಡುಗಿಯರು ಇದನ್ನು ಕೇಳಿದರೆ ಮೈ ಉರಿದುಕೊಳ್ಳುತ್ತಾರೆ. ಉರಿಯಬೇಕಾದದ್ದೇ. ನಾನು ಮಾತ್ರ ಆ ಮೂರು ದಿನಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆ. ಆಗ ಅಡುಗೆ ಅತ್ತೆಯ ಪಾಲು.

ಮಾಹೆಯ ಮಾತು ಬಂದಾಗ ನನ್ನ ಗಂಡ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಪಿಸುಮಾತಿನಲ್ಲಿ ನನಗೊಂದು ಆಸೆ ಹುಟ್ಟಿಸಿದರು. "ಒಂದು ವಾರ ನೀನು ಸೌಟು ಹಿಡಿಯೋದೇ ಬೇಡ ಮಾರಾಯ್ತಿ. ಹೋಟೆಲಲ್ಲಿ ಊಟ, ಮನೇಲಿ ನಿದ್ದೆ." ನಾನು ನಂಬಿದೆ. ಅಷ್ಟು ಸುಸ್ತಾದವರು ಏನನ್ನಾದರೂ ನಂಬುತ್ತಾರೆ. ಅತ್ತೆ ಬರುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆ ಅವರು ಆ ಮಾತು ಕೊಟ್ಟಿದ್ದರು ಎಂಬುದು ನನಗೆ ತಿಳಿದದ್ದು ಅತ್ತೆ ತಮ್ಮ ಹಿತ್ತಾಳೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವಾಗ.

ಪಾತ್ರೆಯ ಜೊತೆಗೆ ಆರು ಕಂಬಳಿ, ಸ್ವೆಟರು, ಕಿವಿ ಮುಚ್ಚುವ ಟೋಪಿಗಳು. ಕರಾವಳಿ ಕಣೇ, ಅಲ್ಲಿ ಸೆಕೆ ಎಂದು ಮಾವ ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಡಿಸೆಂಬರು ಅಂದ ಮೇಲೆ ಡಿಸೆಂಬರೇ, ಅದೂ ಪರದೇಶದ್ದು. ಮಗನದು ಇನ್ನೊಂದು ಕಥೆ. ಚಳಿಗಾಲದಲ್ಲಿ ಫ್ರಾನ್ಸಿನವರು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾರೆ ಎಂದು ತಾತ ಯಾವಾಗಲೋ ಹೇಳಿದ್ದನ್ನು ನೆನಪಿಟ್ಟುಕೊಂಡು, ಸೌದೆ ಕೊಟ್ಟಿಗೆಯಿಂದ ಎರಡು ರೀಪು ಎತ್ತಿಟ್ಟಿದ್ದ. ಅವನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಬಸ್ಸು ತಪ್ಪುವುದರಲ್ಲಿತ್ತು.

ಮೂರ್ನಾಡು ದಾಟಿ ವಿರಾಜಪೇಟೆ, ಅಲ್ಲಿಂದ ಇನ್ನೊಂದು ಬಸ್ಸು. ಘಟ್ಟ ಇಳಿಯುವ ಉದ್ದಕ್ಕೂ ಮಗಳು ನನ್ನ ಮಡಿಲಲ್ಲೇ ವಾಂತಿ ಮಾಡಿದಳು. ತಲಶ್ಶೇರಿಯಲ್ಲಿ ಮತ್ತೊಂದು ಬಸ್ಸು. ಸೇತುವೆಯ ಈಚೆ ಸುಂಕದವರು ಎಲ್ಲರನ್ನೂ ಇಳಿಸಿ ಗಂಟುಮೂಟೆ ಬಿಚ್ಚಿಸಿದರು. ಆ ಸೆಕೆಯಲ್ಲಿ ಒಂದರ ಮೇಲೊಂದು ಕಂಬಳಿ ಹೊರಬರುವುದನ್ನು ನೋಡಿ ಸುಂಕದವನಿಗೆ ನಗು ತಡೆಯಲಾಗಲಿಲ್ಲ. ಇವನ್ನು ಮಾರಲಿಕ್ಕಾ ಎಂದು ಮಲಯಾಳದಲ್ಲಿ ಕೇಳಿದ. ಹೊದೆಯಲಿಕ್ಕೆ ಎಂದು ಅತ್ತೆ ಕನ್ನಡದಲ್ಲಿ ಗದರಿದರು. ಮಾವ ಮತ್ತೆ ಬಸ್ಸು ಹತ್ತಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಸೇತುವೆಯ ಮೇಲೆ ನಡೆದೇ ಪರದೇಶ ಪ್ರವೇಶ ಮಾಡಿದರು. ಆಚೆ ತುದಿಯಲ್ಲಿ ಕೆಂಪು ಟೋಪಿಯ ಪೊಲೀಸಿನವನಿಗೆ, ಎಲ್ಲಿಂದಲೋ ಕಲಿತಿಟ್ಟುಕೊಂಡಿದ್ದ ಫ್ರೆಂಚಿನಲ್ಲಿ ನಮಸ್ಕಾರ ಹೇಳಿದರು. ಊಟ ಆಯಿತಾ ಎಂದು ಅವನು ಮಲಯಾಳದಲ್ಲಿ ಕೇಳಿದನಂತೆ.

ಊಟ ಆಗಿರಲಿಲ್ಲ. ಮನೆ ಚೆನ್ನಾಗಿತ್ತು, ಹಂಚಿನ ಮನೆ, ಮುಂದೆ ಅಗಲವಾದ ಜಗಲಿ, ತೆಂಗಿನ ಮರಗಳ ಸಂದಿಯಲ್ಲಿ ಕಡಲು. ಅತ್ತೆ ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿ ಬಂದವರು, ಬೀದಿಯೆಲ್ಲ ಮೀನಿನ ವಾಸನೆ, ಈ ಊರಿನ ಹೋಟೆಲಿನ ನೀರೂ ನನಗೆ ಬೇಡ ಎಂದರು. ನಾನು ಗಂಡನ ಮುಖ ನೋಡಿದೆ. ಅವರು ಮಗನ ಚಡ್ಡಿಯ ಲಾಡಿ ಬಿಗಿಯುವುದರಲ್ಲಿ ಮುಳುಗಿಹೋಗಿದ್ದರು. ಬಾವಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಬಂದು ಒಲೆ ಹಚ್ಚಿದೆ. ತೆಂಗಿನ ಗರಿಯ ಬೆಂಕಿ ಭಗ್ಗೆಂದು ಹತ್ತಿ ಭಗ್ಗೆಂದು ಆರುತ್ತದೆ, ಒಂದು ಗಳಿಗೆ ಬಿಟ್ಟು ಏಳುವಂತಿಲ್ಲ. ಮಡಿಕೇರಿಯ ಒಲೆಯೇ ವಾಸಿ ಎನಿಸಿತು.

ಮಾರನೇ ದಿನವೂ ಅದೇ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮಾವನಿಗೆ ಎರಡು ಸಲ ಕಾಫಿ. ಮಧ್ಯಾಹ್ನದ ಪಾತ್ರೆ ತೊಳೆದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಎಲ್ಲರೂ ಕಡಲಿಗೆ ಹೊರಟು ನಿಂತಿದ್ದರು. ಅಕ್ಕಿ, ಉದ್ದು ನೆನೆಹಾಕಿ ಬಾ, ಬಂದ ಮೇಲೆ ರುಬ್ಬಿದರಾಯಿತು ಎಂದು ಅತ್ತೆ ಹೇಳಿದರು. ಮೂಲೆಯಲ್ಲಿ ಆ ಮನೆಯ ಒರಳುಕಲ್ಲು ಕಾಣಿಸಿತು. ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತು.

"ಅತ್ತೆ, ನಾನು ಹೊರಗಾದೆ."

ಶುದ್ಧ ಸುಳ್ಳು. ಒಂಬತ್ತು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲನೇ ಸುಳ್ಳು. ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. "ಸರಿ, ಜಗಲಿಗೆ ಹೋಗು" ಎಂದಷ್ಟೇ ಹೇಳಿ, ತಾವೇ ಅಕ್ಕಿ ಅಳೆಯಲು ಕೂತರು. ಕಡಲಿಗೆ ಹೋದದ್ದು ನಾಲ್ಕೇ ಜನ. ಅತ್ತೆ ಉಳಿದರು. ಜಗಲಿಯಲ್ಲಿ ಚಾಪೆ ಬಿತ್ತು. ಕಂಬಳಿಯೊಂದನ್ನು ಮಡಿಸಿ ತಲೆಯಡಿಗೆ ಇಟ್ಟುಕೊಂಡದ್ದು ನೆನಪಿದೆ, ಆಮೇಲಿನದು ನೆನಪಿಲ್ಲ.

ಮೂರು ದಿನ ನಾನು ಮಲಗಿದೆ. ನಿದ್ದೆ ಎಂದರೆ ಅಂಥಿಂಥ ನಿದ್ದೆಯಲ್ಲ, ಎಬ್ಬಿಸಿದರೆ ಉಂಡು ಮತ್ತೆ ಮಲಗುವುದು. ದೂರದಿಂದ ಬಾಳೆಲೆಗೆ ಬಡಿಸಿದ ಬಿಸಿ ಅನ್ನ, ಮೇಲೆ ಧಾರಾಳ ತುಪ್ಪ. ಮಗಳು ಮೆಟ್ಟಿಲ ಕೆಳಗೆ ನಿಂತು ಅಮ್ಮನ ಹತ್ತಿರ ಹೋಗಬೇಕೆಂದು ಅಳುತ್ತಿದ್ದಳು. ಮುಟ್ಟಬಾರದು ಎಂದು ಅವಳನ್ನು ಎಳೆದುಕೊಂಡು ಹೋಗುತ್ತಿದ್ದರು. ಮುಟ್ಟಬಹುದಾಗಿತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡು, ಮಗ್ಗುಲು ಬದಲಿಸಿ ಕಣ್ಣು ಮುಚ್ಚುತ್ತಿದ್ದೆ. ಸಂಜೆ ಮಾವ ಅಂಗಳದಲ್ಲಿ ನಿಂತೇ ವರದಿ ಒಪ್ಪಿಸುತ್ತಿದ್ದರು. ಬೀದಿಯ ಹೆಸರುಗಳು ಫ್ರೆಂಚಿನಲ್ಲಿವೆಯಂತೆ, ಇಗರ್ಜಿಯಲ್ಲಿ ಆಳೆತ್ತರದ ಮೇಣದಬತ್ತಿ ಇದೆಯಂತೆ. ಮೂರನೇ ಸಂಜೆ ಮಾತ್ರ ಅವರ ದನಿ ಇಳಿದಿತ್ತು. ಎಲ್ಲರೂ ನಮ್ಮ ವಿರಾಜಪೇಟೆಯವರ ಹಾಗೇ ಇದ್ದಾರಮ್ಮ ಎಂದು ಹೇಳಿ ಒಳಗೆ ಹೋದರು. ನನಗೆ ಪಾಪ ಎನಿಸಿತು, ಆದರೆ ಎದ್ದು ಕೂರುವಷ್ಟಲ್ಲ.

ಮಲಗಿದ್ದಲ್ಲಿಗೆ ಒಳಗಿನ ಸದ್ದು ಕೇಳಿಸುತ್ತಿತ್ತು. ಒರಳುಕಲ್ಲು ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು. ನಿಂತಾಗ ಅತ್ತೆ ಅಮ್ಮಾ ಎಂದು ಉಸಿರು ಬಿಡುತ್ತಿದ್ದರು. ಮಡಿಕೇರಿಯಲ್ಲಿ ಪ್ರತಿ ತಿಂಗಳೂ ಆ ಸದ್ದು ಇದ್ದೇ ಇತ್ತೇನೋ. ನಾನು ಕಿವಿಗೊಟ್ಟಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ತಲೆಗೆ ಸ್ನಾನ. ಅತ್ತೆಯೇ ಬಾವಿಯಿಂದ ನೀರು ಸೇದಿ ನನಗೆ ಹೊಯ್ಯುತ್ತಿದ್ದರು. ಗಂಡಸರು, ಮಕ್ಕಳು ಆಗಲೇ ಹೊರಗೆ ಹೋಗಿಯಾಗಿತ್ತು. ಎರಡನೇ ಕೊಡ ಹೊಯ್ದು, ಮೂರನೆಯದನ್ನು ಸೇದಿ, ಬಾವಿಕಟ್ಟೆಯ ಮೇಲಿಟ್ಟು ನಿಂತರು.

"ಹುತ್ತರಿ ಹಬ್ಬ ಆಗಿ ಮೂರನೇ ದಿನ ನೀನು ಹೊರಗಾಗಿದ್ದೆ. ಇನ್ನೂ ಹದಿನೈದು ದಿನ ಆಗಿಲ್ಲ."

ಕಣ್ಣಿಗೆ ಇಳಿದ ನೀರು ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡೆ. ಬೈಯಲಿ, ಊರಿಗೆ ಹೋಗಿ ಎಲ್ಲರಿಗೂ ಹೇಳಲಿ, ಅಪ್ಪನ ಮನೆಗೆ ಕಾಗದ ಬರೆಯಲಿ ಎಂದು ಕಾದೆ. ಬೈಗುಳ ಬರಲಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೊನೆಗೆ ನಾನೇ ಕೇಳಿದೆ.

"ನಾನೂ ನಮ್ಮತ್ತೆಗೆ ಹೀಗೆ ಎರಡು ಸಲ ಹೇಳಿದ್ದುಂಟು," ಎಂದರು. ಹಗ್ಗ ಉಜ್ಜಿ ಕೆಂಪಾಗಿದ್ದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. "ನಂದು ನಿಂತು ಎಂಟು ವರ್ಷ ಆಯ್ತು. ಇನ್ನು ಯಾವ ನೆಪ ಹೇಳ್ಲಿ ನಾನು?"

ಅದನ್ನು ಅವರು ದೂರಿನಂತೆ ಹೇಳಲಿಲ್ಲ. ಏನಾದರೂ ನೆಪ ಇದ್ದರೆ ನಾನು ಹೇಳಿಕೊಟ್ಟೇನು ಎಂಬಂತೆ ಕೇಳಿದರು. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಎಂಟು ವರ್ಷದಿಂದ ನಾನು ತಿಂಗಳಿಗೆ ಮೂರು ದಿನ ಮಲಗಿದ್ದೆ. ಅವರು ಒಂದು ದಿನವೂ ಮಲಗಿರಲಿಲ್ಲ.

ಮಡಿ ಉಟ್ಟು ಒಲೆಯ ಮುಂದೆ ಕೂತೆ. ಅತ್ತೆ ಅಭ್ಯಾಸಬಲದಿಂದ ತರಕಾರಿ ಹೆಚ್ಚಲು ಈಳಿಗೆಮಣೆ ಎಳೆದುಕೊಂಡರು. ನಾನು ಅದನ್ನು ಕಿತ್ತುಕೊಂಡು, ಹೋಗಿ ಮಲಗಿ ಎಂದೆ. ಹಗಲು ಹೊತ್ತು ಸುಮ್ಮನೆ ಮಲಗುವುದು ಎಂದರೇನು ಎಂದರು. ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋದೆ. ಚಾಪೆ ಅಲ್ಲೇ ಇತ್ತು.

"ಮೈಲಿಗೆ ಚಾಪೆ ಅಲ್ವೇನೇ ಇದು?"

ಅಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಗಂಡಸರು ಬರುತ್ತಾರೇನೋ ಎಂದು ಬೇಲಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಸೀರೆಯ ನೆರಿಗೆ ಒತ್ತರಿಸಿಕೊಂಡು ಕೂತರು, ಕೂತಲ್ಲಿಂದ ಮೆಲ್ಲಗೆ ಗೋಡೆಯ ಕಡೆ ತಿರುಗಿ ಮಲಗಿದರು.