ರೋಸಾಳ ಅಮ್ಮನ ಕುಂಬಳಕಾಯಿ ಪದಾರ್ಥ

ಸಾವಿನ ಮನೆಗೆ ಊಟ ಕೊಟ್ಟು ಬರಲು ಹೋದವಳು ಅಲ್ಲೇ ಕುಳಿತು, ಎರಡು ಸಲ ಬಡಿಸಿಕೊಂಡು ಉಂಡು ಬಂದೆ. ಉಡುಪಿಯಲ್ಲಿರುವ ನನ್ನ ಅತ್ತೆಗೆ ಗೊತ್ತಾದರೆ ಫೋನಿನಲ್ಲೇ ತಲೆಗೆ ನೀರು ಹೊಯ್ಯುತ್ತಾರೆ!

ನಡೆದದ್ದು ಇಷ್ಟು. ಇಲ್ಲಿ ಗಲ್ಫ್‌ನಲ್ಲಿ, ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನ ಎದುರು ಬಾಗಿಲು ರೋಸಾಳದ್ದು. ಫಿಲಿಪೀನ್ಸ್‌ನವಳು, ಸಲೂನಿನಲ್ಲಿ ಕೆಲಸ. ನನ್ನನ್ನು 'ಆತೆ' ಅನ್ನುತ್ತಾಳೆ (ಅವರಲ್ಲಿ ಅಕ್ಕ ಅಂತ). ಮೊನ್ನೆ ಶುಕ್ರವಾರ ಊರಿನಲ್ಲಿ ಅವಳ ಅಮ್ಮ ತೀರಿಕೊಂಡರು. ಗಲ್ಫ್‌ನಲ್ಲಿರುವ ನಮಗೆಲ್ಲ ಇರುವ ಹೆದರಿಕೆ ಇದೇ ತಾನೆ? ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿಲ್ಲ. ರಜೆ ಕೇಳಿದರೆ ಸಲೂನಿನ ಮಾಲೀಕರು 'ಮಾಫಿ' ಅಂದರಂತೆ (ಅರಬಿಯಲ್ಲಿ ಇಲ್ಲ ಅಂತ). ಇಲ್ಲ ಅಂದರೆ ಇಲ್ಲ.

ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನೆರೆಯವರೇ ಊಟ ಕೊಡಬೇಕು. ಇಲ್ಲಿ ನೆರೆ ಯಾರು? ನಾನೇ! ಅಮ್ಮನ ಅಡುಗೆ ಅಂತ ಅವಳು ಒಮ್ಮೆ ಮಾಡಿಕೊಟ್ಟಿದ್ದ ಪದಾರ್ಥ ನೆನಪಾಯಿತು. ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಸಿಹಿಕುಂಬಳ, ಅಲಸಂಡೆ ಹಾಕಿ ತೆಂಗಿನ ಹಾಲಿನಲ್ಲಿ ಬೇಯಿಸುವುದು. ಉಪ್ಪು. ಖಲಾಸ್.

ಇಷ್ಟು ಸುಲಭದ್ದನ್ನೂ ಕೆಡಿಸಿದೆ. ಕೊನೆಗೆ ಕೈ ತನ್ನಷ್ಟಕ್ಕೆ ಸಾಸಿವೆ ಡಬ್ಬಿಗೆ ಹೋಯಿತು! ಚಟಪಟ ಅಂದ ಮೇಲೇ ಎಚ್ಚರ. ಅಷ್ಟರಲ್ಲಿ ಕರಿಬೇವೂ ಬಿದ್ದಾಗಿತ್ತು.

"ಫಿಲಿಪೀನ್ಸ್‌ನವರಿಗೂ ಒಗ್ಗರಣೆಯಾ ಮಾರಾಯ್ತಿ?" ಗಂಡ ನಕ್ಕರು.

ಬಾಗಿಲು ತೆರೆದ ರೋಸಾಳ ಮುಖ ಅತ್ತು ಅತ್ತು ಊದಿತ್ತು. ಮೇಜಿನ ಮೇಲೆ ಫೋನ್ ನಿಲ್ಲಿಸಿದ್ದಳು. ಅದರಲ್ಲಿ ಅವಳ ಊರಿನ ಮನೆ, ಹೂವು, ಶವಪೆಟ್ಟಿಗೆ, ಜನವೋ ಜನ. ಅನ್ನ, ಪದಾರ್ಥದ ಪಾತ್ರೆ ಕೊಟ್ಟು ಹೊರಟೆ. ಕೈ ಹಿಡಿದಳು.

"ಆತೆ, ಊಟ ಮಾಡಿ ಹೋಗಿ."

ಅಯ್ಯೋ ದೇವರೇ, ಸೂತಕದ ಮನೆಯಲ್ಲಿ ಉಣ್ಣುವುದಾ? "ಇಲ್ಲ ರೋಸಾ, ನಮ್ಮಲ್ಲಿ..." ಅಂತ ಶುರು ಮಾಡಿದೆ.

"ನಮ್ಮಲ್ಲಿ ಸಾವಿಗೆ ಬಂದವರಿಗೆ ಮನೆಯವರೇ ಬಡಿಸಬೇಕು," ಅಂದಳು. "ಅಲ್ಲಿ ತಂಗಿ ಬಡಿಸ್ತಿದ್ದಾಳೆ. ನಾನು ದೊಡ್ಡ ಮಗಳು. ಅಮ್ಮನಿಗೆ ಅಂತ ನಾನು ಏನೂ ಮಾಡಲಿಲ್ಲ, ಆತೆ."

ಶಾಸ್ತ್ರ ಬದಿಗಿಟ್ಟೆ. ಕುಳಿತೆ.

ಬಡಿಸುತ್ತಾ ಕರಿಬೇವು ಕಂಡಳು. "ಅಮ್ಮ ನೋಡಿದ್ದರೆ ಈ ಎಲೆ ಯಾಕೆ ಅಂತ ಬೈತಿದ್ದರು," ಅಂತ ನಕ್ಕಳು. ನಗುತ್ತಿದ್ದವಳು ಹಾಗೇ ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ. (ಅಳುತ್ತಾ ಉಂಡದ್ದು ಜೀವನದಲ್ಲಿ ಅದೇ ಮೊದಲು.) ತಟ್ಟೆ ಖಾಲಿಯಾದ ಕೂಡಲೇ ಇನ್ನೊಂದು ಸೌಟು ಹಾಕಿದಳು. ಅದನ್ನೂ ಉಂಡೆ.

ಅಷ್ಟರಲ್ಲಿ ಫೋನಿನಲ್ಲಿ ಅವಳ ತಂಗಿ ಏನೋ ಕೇಳಿದಳು. ರೋಸಾ ಫೋನನ್ನು ನನ್ನತ್ತ ತಿರುಗಿಸಿ ಏನೋ ಉತ್ತರ ಕೊಟ್ಟಳು. ಏನಂದೆ ಅಂತ ವಿಚಾರಿಸಿದೆ.

"ಇಲ್ಲಿಗೂ ಜನ ಬಂದಿದ್ದಾರೆ, ಊಟ ನಡೀತಿದೆ ಅಂದೆ."

ಜನ? ಇದ್ದದ್ದು ನಾನೊಬ್ಬಳು! ಎಡಗೈಯಲ್ಲೇ ಗಂಡನಿಗೆ ಫೋನ್ ಮಾಡಿದೆ: "ಮಕ್ಕಳನ್ನು ಕರ್ಕೊಂಡು ಬನ್ನಿ, ಊಟ ಇಲ್ಲೇ. ರೋಸಾಳ ಅಮ್ಮನಿಗೆ ಜನ ಕಡಿಮೆ ಆಗಬಾರದು."