ಸ್ಕೂಟರಿಗೆ ಕಟ್ಟಿದ ಕರಿದಾರ

ಹೊಳಗುಂದದಿಂದ ಆದೋನಿಗೆ ಹೊರಟ ನನ್ನ ಹೊಸ ಸ್ಕೂಟರ್ ಎರಡೇ ಮೈಲಿಗೆ ಏದುಸಿರು ಬಿಟ್ಟಿತು. ಹಿಂದಿನ ಗಾಲಿ ರೊಟ್ಟಿ ಹಂಚಿನಂತೆ ಸುಡುತ್ತಿತ್ತು. ಸ್ಟ್ಯಾಂಡ್ ಹಾಕಿ ತಿರುಗಿಸಿದರೆ ತಿರುಗದು. ಹೊಸ ಕೆಲಸದ ಮೊದಲ ದಿನವೇ ತಡವಾಗುತ್ತದೆಂದು ಅಳು ಬಂತು.

ಕುರಿ ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ಹ್ಯಾಂಡಲ್ ನೋಡಿ ಕೇಳಿದರು: “ಈ ಕರಿ ಉಣ್ಣಿ ದಾರ ಯಾರು ಕಟ್ಯಾರವ್ವಾ?”

“ನಮ್ಮತ್ತಿ. ದೃಷ್ಟಿ ಆಗಬಾರ್ದಂತ.”

“ಹ್ಯಾಂಡಲ್ ಹಿಡಿ ಜೋಡಿ ಬ್ರೇಕಿನ ಹಿಡಿನೂ ಸೇರಿಸಿ ಬಿಗದಾರ. ಕಾಲು ಕಟ್ಟಿ ಓಡಂದ್ರ ಗಾಡಿ ಹೆಂಗ ಓಡತೈತಿ?”

ಅಜ್ಜಿ ದಾರ ಬಿಚ್ಚಿ ಕನ್ನಡಿಗೆ ಕಟ್ಟಿದರು. ಬೆರಳು ತಾಗಿಸಿದ್ದೇ ತಡ, ಗಾಲಿ ಗಿರ್ರನೆ ತಿರುಗಿತು.

ಸಂಜೆ ಅತ್ತೆ, “ನೋಡು, ನನ್ನ ದಾರದಿಂದಾನ ಸುಖವಾಗಿ ಬಂದಿ” ಎಂದರು. ಹೌದೆಂದು ತಲೆಯಾಡಿಸಿದೆ. ಅವರು ಓದುವುದು ತೆಲುಗು ಪೇಪರ್ ಮಾತ್ರ. ಆ ಧೈರ್ಯದಿಂದಲೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.