ಹಚ್ಚು ಅಂದದ್ದಕ್ಕೆ

ಪೀರಮ್ಮ ಅವರ ಬಲಗೈಯಲ್ಲಿ ಮೂರು ಬೆರಳಿಲ್ಲ.

ಬೆಳಗಿನ ಐದೂವರೆ. ಮಸ್ಕಿ–ಲಿಂಗಸುಗೂರು ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಅವರು ಎಡಗೈ ತುಂಬ ಕಲ್ಲಿದ್ದಲಿನ ಪುಡಿ ಹಿಡಿದು ಹಿಂಡುತ್ತಾರೆ. ಅಂಗೈ ಒದ್ದೆಯಾಗುತ್ತದೆ. "ಇನ್ನೂ ನೀರೈತಿ, ತುಂಬಬ್ಯಾಡ್ರಿ" ಎನ್ನುತ್ತಾರೆ. ಲಾರಿ ಕಾಯುತ್ತದೆ.

ಇಲ್ಲಿ ಕಲ್ಲಿದ್ದಲನ್ನು ನುಣ್ಣಗೆ ಅರೆದು ತೊಳೆಯುತ್ತಾರೆ. ಕೊನೆಗೆ ಉಳಿಯುವ ಕರಿ ರಾಡಿಯನ್ನು ನಲವತ್ತು ತಟ್ಟೆಗಳ ನಡುವೆ ನುಗ್ಗಿಸಿ ಯಂತ್ರ ಒತ್ತುತ್ತದೆ. ತಟ್ಟೆಗೆ ಹೊದಿಸಿದ ಬಟ್ಟೆಯಿಂದ ನೀರು ಸೋರಿಹೋಗಿ ಪುಡಿ ಗಟ್ಟಿಯಾಗುತ್ತದೆ. ತಟ್ಟೆ ಸರಿದಾಗ ಉದುರುವ ಹಾಳೆಗೆ ಇಲ್ಲಿ ರೊಟ್ಟಿ ಎಂದೇ ಹೆಸರು. ಅಂಟಿದ ರೊಟ್ಟಿ ಕೆರೆಯುವುದು, ಹರಿದ ಬಟ್ಟೆ ಬದಲಿಸುವುದು ಪೀರಮ್ಮ ಅವರ ಕೆಲಸ. ಪಾಮನಕಲ್ಲೂರಿನಿಂದ ಬಂದುಹೋಗಿ ಮಾಡುತ್ತ ಒಂಬತ್ತು ವರ್ಷವಾಯಿತು. ದಿನಕ್ಕೆ ಹನ್ನೆರಡು ಸಲ ತಟ್ಟೆ ತೆರೆಯುತ್ತವೆ.

ಹೋದ ಶ್ರಾವಣದಲ್ಲಿ ಒಂದು ದಿನ ಅವರ ಕೈ ತಟ್ಟೆಗಳ ನಡುವೆ ಇತ್ತು. ಗುಂಡಿ ಒತ್ತುವ ಮಲ್ಲೇಶ ಆಚೆ ತುದಿಯಿಂದ, ಪಂಪಿನ ಸದ್ದಿನಲ್ಲಿ ಕೂಗಿದ: "ಹಚ್ಚಲೇನ್ ಚಿಗವ್ವಾ?"

ಈ ಕಡೆ ಬಟ್ಟೆ ತೊಡಿಸುವುದೂ ಹಚ್ಚುವುದೇ, ಯಂತ್ರ ಚಾಲೂ ಮಾಡುವುದೂ ಹಚ್ಚುವುದೇ. ಅವನು ಕೇಳಿದ್ದು ಯಂತ್ರ. ಆ ತುದಿಯ ಬಟ್ಟೆ ಎಂದುಕೊಂಡ ಪೀರಮ್ಮ "ಹಚ್ಚು" ಎಂದರು. ತಟ್ಟೆಗಳು ಕೂಡಿದವು.

"ಅವಗ ಏನಂತ ಬೈಲಿ? ಕೇಳೇ ಒತ್ಯಾನ. ಹಚ್ಚು ಅಂದಾಕಿ ನಾನು" ಎನ್ನುತ್ತಾರೆ.

ಈಗ ಶೆಡ್ಡಿನಲ್ಲಿ ಆ ಪದವನ್ನು ಯಾರೂ ಆಡುವುದಿಲ್ಲ. ಗುಂಡಿ ಒತ್ತುವ ಮೊದಲು ಮಲ್ಲೇಶ ಎದುರಿಗೆ ಬರುತ್ತಾನೆ.

"ಕೈ ಎತ್ತು ಚಿಗವ್ವಾ."

"ಎತ್ತೀನಿ. ಏಳು ಅದಾವ. ಎಣಿಸ್ಕೋ, ಕಡಿಮಿ ಬಿದ್ರ ನಿನ್ನವು ಕೊಡಬೇಕಾದೀತು."

ಅವನು ನಿಜಕ್ಕೂ ಎಣಿಸುತ್ತಾನೆ. ದಿನಕ್ಕೆ ಹನ್ನೆರಡು ಸಲ.

ತಟ್ಟೆಗಳ ಉದ್ದಕ್ಕೂ ಒಂದು ಹಗ್ಗ ಕಟ್ಟಿಸಿ, ಜಗ್ಗಿದರೆ ಯಂತ್ರ ನಿಲ್ಲುವಂತೆ ಮಾಡಿಸಿ ಎಂದು ಪೀರಮ್ಮ ಮೂರು ಸಲ ಕೇಳಿದ್ದಾರೆ. ಮಾಲೀಕರು ನೋಡೋಣ ಎಂದಿದ್ದಾರಂತೆ.

"ನನಗಲ್ರಿ. ಸಾಲಗುಂದದ ಸುಕನ್ಯಾ ಹೊಸದಾಗಿ ಬಂದಾಳ, ಬಟ್ಟಿ ಕೆಲಸಕ್ಕ. ಆಕಿಗೆ ಹತ್ತೂ ಅದಾವ."

ಗೋಡೆಯ ಕರಿಹಲಗೆಯಲ್ಲಿ ದಿನದ ಲೆಕ್ಕ ಬರೆದು ಮಾಲೀಕರಿಗೆ ಫೋಟೊ ಕಳಿಸುವುದು ರೂಢಿ. ಕೈ ಸಿಕ್ಕ ದಿನದ ಫೋಟೊ ಇನ್ನೂ ಮಲ್ಲೇಶನ ಮೊಬೈಲಿನಲ್ಲಿದೆ. ತೆಗೆದು ತೋರಿಸಿದ.

ತೆರೆದದ್ದು: ಹನ್ನೆರಡು ಸಲ. ಹಾಳಾದದ್ದು: ಬಟ್ಟೆ, ಒಂದು.